ಬಲ, ವೇಗ ಮತ್ತು ಸಾಮರ್ಥ್ಯ: ಕ್ರೀಡಾ ಆಯ್ಕೆ ಪರೀಕ್ಷೆಗೆ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ

1. ಪೀಠಿಕೆ

ಕ್ರೀಡಾ ಶಾಲೆ ಹಾಗೂ ಕ್ರೀಡಾ ವಸತಿ ನಿಲಯಗಳಿಗೆ ಪ್ರವೇಶ ಕೋರಿ ಅರ್ಜಿ ಸಲ್ಲಿಸುವ ಮಕ್ಕಳಿಗೆ ಸಾಮಾನ್ಯವಾಗಿ ಓಟ, ಜಿಗಿತ ಮತ್ತು ಎಸೆತದ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಮಗು ಎಷ್ಟು ಭಾರ ಎತ್ತಬಲ್ಲದು ಎಂಬುದನ್ನು ಪರೀಕ್ಷಿಸುವುದು ವಿರಳ. ಹೊಲದ ಕೆಲಸದಲ್ಲಿ ಪಳಗಿ, ಮೂಟೆಯನ್ನು ಹೆಗಲಿಗೇರಿಸಬಲ್ಲ ಹುಡುಗನ ಹೆಸರು ಆಯ್ಕೆ ಪಟ್ಟಿಯಲ್ಲಿ ಬಾರದೆ, ಅವನಿಗಿಂತ ಸಣಕಲಾಗಿ ಕಾಣುವ ಮತ್ತೊಬ್ಬನ ಹೆಸರು ಬಂದಾಗ ಪೋಷಕರಲ್ಲಿ ಸಂದೇಹ ಮೂಡುವುದು ಸಹಜ. ಮುಂದಿನ ವರ್ಷದ ಪರೀಕ್ಷೆಗೆಂದು ಕೆಲವರು ಮಗುವಿನಿಂದ ದಿನವೂ ಅತಿಭಾರ ಎತ್ತಿಸುವುದು, ಇನ್ನು ಕೆಲವರು ಮೈಲಿಗಟ್ಟಲೆ ಓಡಿಸುವುದು ಉಂಟು. ಈ ಎರಡರಲ್ಲಿ ಯಾವುದೊಂದರಿಂದಲೂ ನಿರೀಕ್ಷಿತ ಫಲ ದೊರೆಯುವುದಿಲ್ಲ.

ಇದಕ್ಕೆ ಕಾರಣ ಸ್ನಾಯುವಿನ ಸ್ವಭಾವದಲ್ಲಿಯೇ ಇದೆ. ಸ್ನಾಯು ತನ್ನ ಅತಿ ಹೆಚ್ಚಿನ ಬಲವನ್ನು ತೋರುವಾಗ ಅದರಲ್ಲಿ ವೇಗವಿರುವುದಿಲ್ಲ. ಅತಿ ಹೆಚ್ಚಿನ ವೇಗದಲ್ಲಿರುವಾಗ ಬಲವಿರುವುದಿಲ್ಲ. ಜಿಗಿಯಲು, ಎಸೆಯಲು, ಮುನ್ನುಗ್ಗಲು ಬೇಕಾದ ಸಾಮರ್ಥ್ಯವು ಇವೆರಡರ ನಡುವೆ ಹುಟ್ಟುತ್ತದೆ. ಆಯ್ಕೆ ಪರೀಕ್ಷೆಗಳು ಮುಖ್ಯವಾಗಿ ಅಳೆಯುವುದು ಈ ಸಾಮರ್ಥ್ಯವನ್ನು. ಅದು ಏನು, ಹೇಗೆ ಉಂಟಾಗುತ್ತದೆ ಮತ್ತು ಮಗುವಿನ ತಯಾರಿ ಹೇಗಿರಬೇಕು ಎಂಬುದನ್ನು ಅರ್ಜಿದಾರರ ಹಾಗೂ ಪೋಷಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಪದಗಳ ಅರ್ಥ

ದಿನನಿತ್ಯದ ಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ವಿಜ್ಞಾನದಲ್ಲಿ ಇವುಗಳಿಗೆ ಬೇರೆ ಬೇರೆ ಅರ್ಥಗಳಿವೆ.

ಬಲ: ಒಂದು ವಸ್ತುವನ್ನು ತಳ್ಳುವ ಅಥವಾ ಎಳೆಯುವ ಪ್ರಮಾಣ. ಇದರ ಮಾನ ನ್ಯೂಟನ್. 1 ಕಿಲೋಗ್ರಾಂ ತೂಕದ ವಸ್ತುವನ್ನು ಕೈಯಲ್ಲಿ ಹಿಡಿದು ನಿಲ್ಲಲು ಸುಮಾರು 9.8 ನ್ಯೂಟನ್ ಬಲ ಬೇಕು.

ಕೆಲಸ: ಬಲ ಪ್ರಯೋಗಿಸಿ ವಸ್ತುವನ್ನು ಇಂತಿಷ್ಟು ದೂರ ಸರಿಸಿದಾಗ ನಡೆಯುವುದು ಕೆಲಸ. ಇದರ ಮಾನ ಜೌಲ್. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ದೊರೆಯುತ್ತದೆ.

ಸಾಮರ್ಥ್ಯ: ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸದ ಪ್ರಮಾಣ. ತರಬೇತುದಾರರ ಬಾಯಲ್ಲಿ ಇದು ಪವರ್. ಇದರ ಮಾನ ವ್ಯಾಟ್. ಬಲವನ್ನು ವೇಗದಿಂದ ಗುಣಿಸಿದರೂ ಇದೇ ದೊರೆಯುತ್ತದೆ. ವಿದ್ಯುತ್ ದೀಪದ ಮೇಲೆ ನಮೂದಿಸಿರುವ ವ್ಯಾಟ್ ಮತ್ತು ಓಟಗಾರನ ಕಾಲಿನ ವ್ಯಾಟ್ ಒಂದೇ ಮಾನ. 746 ವ್ಯಾಟ್ ಸೇರಿದರೆ ಪಂಪ್‌ಸೆಟ್ಟಿನ ಲೆಕ್ಕದ ಒಂದು ಅಶ್ವಶಕ್ತಿ.

ಉದಾಹರಣೆಗೆ, 50 ಕಿಲೋಗ್ರಾಂ ತೂಕದ ವ್ಯಕ್ತಿಯು 3 ಮೀಟರ್ ಎತ್ತರದ ಮೆಟ್ಟಿಲು ಹತ್ತಿದರೆ ಆತ ಮಾಡಿದ ಕೆಲಸ 1470 ಜೌಲ್. 15 ಸೆಕೆಂಡುಗಳಲ್ಲಿ ಹತ್ತಿದರೆ ಆತನ ಸಾಮರ್ಥ್ಯ 98 ವ್ಯಾಟ್. 3 ಸೆಕೆಂಡುಗಳಲ್ಲಿ ಓಡಿ ಹತ್ತಿದರೆ 490 ವ್ಯಾಟ್. ವ್ಯಕ್ತಿ ಅದೇ, ಮೆಟ್ಟಿಲು ಅದೇ, ಕೆಲಸವೂ ಅಷ್ಟೇ. ಸಾಮರ್ಥ್ಯ ಮಾತ್ರ ಐದು ಪಟ್ಟು. ಇದಕ್ಕೆ ವಿರುದ್ಧವಾಗಿ, ಗೋಡೆಯನ್ನು ಮೈಯೆಲ್ಲ ಬೆವರುವಂತೆ ತಳ್ಳಿದರೂ ಗೋಡೆ ಸರಿಯದಿದ್ದಲ್ಲಿ ಅದರ ಮೇಲೆ ನಡೆದ ಕೆಲಸ ಸೊನ್ನೆ, ಸಾಮರ್ಥ್ಯವೂ ಸೊನ್ನೆ.

3. ಬಾವಿಯ ನೀರಿನ ಉದಾಹರಣೆ

ಬಲ ಮತ್ತು ವೇಗಗಳ ಸಂಬಂಧವನ್ನು ರಾಟೆಯಿಂದ ಬಾವಿಯ ನೀರು ಸೇದಿದವರು ಸುಲಭವಾಗಿ ಗ್ರಹಿಸಬಹುದು. 2 ಲೀಟರಿನ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿದರೆ ಕೈ ಚುರುಕಾಗಿ ಓಡುತ್ತದೆ. ಆದರೆ ಪ್ರತಿ ಸಲ ಮೇಲೆ ಬರುವ ನೀರು ಸ್ವಲ್ಪ. 20 ಲೀಟರಿನ ಪಾತ್ರೆ ಕಟ್ಟಿದರೆ ಒಂದೊಂದು ಗೇಣು ಹಗ್ಗವೂ ತಿಣುಕಿ ಎಳೆಯಬೇಕಾಗುತ್ತದೆ. 10 ಲೀಟರಿನ ಕೊಡವಾದರೆ ಕೈಗೂ ಹದ, ತೊಟ್ಟಿಯೂ ಬೇಗ ತುಂಬುತ್ತದೆ.

ತಿಳಿವಳಿಕೆಗಾಗಿ ಮಾತ್ರ ಒಂದು ಲೆಕ್ಕ ಹಾಕಬಹುದು. ತಂಬಿಗೆ ಮೇಲೆ ಬರಲು 10 ಸೆಕೆಂಡು, ಕೊಡಕ್ಕೆ 25 ಸೆಕೆಂಡು, ದೊಡ್ಡ ಪಾತ್ರೆಗೆ 60 ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ, ಸೇದುವ ಒಂದು ನಿಮಿಷದಲ್ಲಿ ತಂಬಿಗೆಯಿಂದ 12 ಲೀಟರ್, ದೊಡ್ಡ ಪಾತ್ರೆಯಿಂದ 20 ಲೀಟರ್ ಮತ್ತು ಕೊಡದಿಂದ 24 ಲೀಟರ್ ನೀರು ದೊರೆಯುತ್ತದೆ. ಹೊರೆಯ ತೂಕವೇ ಬಲ, ಹಗ್ಗ ಸರಿಯುವ ಗತಿಯೇ ವೇಗ, ನಿಮಿಷಕ್ಕೆ ದೊರೆಯುವ ನೀರೇ ಸಾಮರ್ಥ್ಯ. ಎರಡು ತುದಿಗಳಲ್ಲೂ ನೀರು ಕಡಿಮೆ. ನಡುವಿನ ಹದದಲ್ಲಿ ಹೆಚ್ಚು.

4. ಸ್ನಾಯುವಿನ ನಿಯಮ

ಬಾವಿಯ ಬಳಿ ಅನುಭವಕ್ಕೆ ಬರುವ ಈ ಸಂಗತಿಯನ್ನು ಅಳೆದು ಸೂತ್ರರೂಪಕ್ಕೆ ತಂದವರು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಆರ್ಚಿಬಾಲ್ಡ್ ವಿವಿಯನ್ ಹಿಲ್. ಸ್ನಾಯುವಿನಲ್ಲಿ ಉಷ್ಣ ಉತ್ಪತ್ತಿಯಾಗುವ ಬಗೆಗಿನ ಸಂಶೋಧನೆಗಾಗಿ ಅವರಿಗೆ 1922ನೇ ಸಾಲಿನ ನೊಬೆಲ್ ಪ್ರಶಸ್ತಿಯು ಜರ್ಮನಿಯ ಆಟೊ ಮೇಯರ್‌ಹಾಫ್ ಅವರೊಂದಿಗೆ ದೊರೆಯಿತು. 1938ರಲ್ಲಿ ಹಿಲ್ ಅವರು ಕಪ್ಪೆಯ ತೊಡೆಯ ಸ್ನಾಯುವಿಗೆ ಬೇರೆ ಬೇರೆ ಹೊರೆಗಳನ್ನು ಕೊಟ್ಟು, ಅದು ಎಷ್ಟು ವೇಗವಾಗಿ ಕುಗ್ಗುತ್ತದೆ ಎಂಬುದನ್ನು ದಾಖಲಿಸಿದರು. ಹೊರೆ ಹೆಚ್ಚಿದಂತೆ ವೇಗ ಇಳಿಯಿತು. ಈ ಇಳಿಕೆ ಸಮನಾಗಿರಲಿಲ್ಲ. ಮೊದಲ ಸ್ವಲ್ಪ ಹೊರೆಗೇ ವೇಗ ತೀವ್ರವಾಗಿ ಕುಸಿದು, ನಂತರ ನಿಧಾನವಾಗಿ ಇಳಿಯುತ್ತಾ ಸಾಗಿ, ಸ್ನಾಯು ಎತ್ತಲಾಗದ ಹೊರೆ ಬಂದಾಗ ಸೊನ್ನೆ ಮುಟ್ಟಿತು. ಮನುಷ್ಯನ ಸ್ನಾಯುವೂ ಇದೇ ನಿಯಮವನ್ನು ಅನುಸರಿಸುತ್ತದೆ.

ಹಿಲ್ ಅವರ ಸೂತ್ರಕ್ಕೆ ಸ್ನಾಯುವಿನಲ್ಲಿ ಸಾಮಾನ್ಯವಾಗಿ ಕಂಡುಬರುವ ಬೆಲೆಗಳನ್ನು ಹಾಕಿದಾಗ ದೊರೆಯುವ ಅಂಕಿಗಳು ಈ ಕೆಳಕಂಡಂತಿವೆ. ಹೊರೆಯನ್ನು ಸ್ನಾಯುವಿನ ಗರಿಷ್ಠ ಬಲದ ಶೇಕಡಾವಾರಿನಲ್ಲಿ, ವೇಗವನ್ನು ಗರಿಷ್ಠ ವೇಗದ ಶೇಕಡಾವಾರಿನಲ್ಲಿ ಹಾಗೂ ಸಾಮರ್ಥ್ಯವನ್ನು ಗರಿಷ್ಠ ಸಾಮರ್ಥ್ಯದ ಶೇಕಡಾವಾರಿನಲ್ಲಿ ಕೊಡಲಾಗಿದೆ.

ಹೊರೆ 0 – ವೇಗ 100 – ಸಾಮರ್ಥ್ಯ 0
ಹೊರೆ 10 – ವೇಗ 64 – ಸಾಮರ್ಥ್ಯ 67
ಹೊರೆ 20 – ವೇಗ 44 – ಸಾಮರ್ಥ್ಯ 93
ಹೊರೆ 30 – ವೇಗ 32 – ಸಾಮರ್ಥ್ಯ 100
ಹೊರೆ 40 – ವೇಗ 23 – ಸಾಮರ್ಥ್ಯ 97
ಹೊರೆ 50 – ವೇಗ 17 – ಸಾಮರ್ಥ್ಯ 87
ಹೊರೆ 70 – ವೇಗ 8 – ಸಾಮರ್ಥ್ಯ 58
ಹೊರೆ 100 – ವೇಗ 0 – ಸಾಮರ್ಥ್ಯ 0

ಮೇಲಿನ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಸ್ನಾಯುವಿನ ಸಾಮರ್ಥ್ಯವು ಗರಿಷ್ಠ ಬಲದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಹೊರೆಯಲ್ಲಿ, ಗರಿಷ್ಠ ವೇಗದ ಅಷ್ಟೇ ಭಾಗದಲ್ಲಿ ಅತ್ಯಧಿಕವಾಗಿರುತ್ತದೆ. ಎರಡು, ಶೇಕಡಾ 20ರಿಂದ 40ರವರೆಗಿನ ಹೊರೆಯಲ್ಲಿ ಸಾಮರ್ಥ್ಯದ ವ್ಯತ್ಯಾಸ ಬಹಳ ಕಡಿಮೆ. ಆದುದರಿಂದ ಹದವೆಂದರೆ ಒಂದು ಬಿಂದುವಲ್ಲ, ಸಾಕಷ್ಟು ಅಗಲವಾದ ಒಂದು ವ್ಯಾಪ್ತಿ.

ಈ ಪಟ್ಟಿ ಒಂಟಿ ಸ್ನಾಯುವಿಗೆ ಸಂಬಂಧಿಸಿದ್ದು. ಹಲವು ಕೀಲುಗಳು ಒಟ್ಟಿಗೆ ದುಡಿಯುವ ಜಿಗಿತ, ಓಟ ಮೊದಲಾದ ಚಲನೆಗಳಲ್ಲಿ ವೇಗದ ಇಳಿಕೆ ಬಹುಮಟ್ಟಿಗೆ ನೇರ ರೇಖೆಯಂತಿದ್ದು, ಗರಿಷ್ಠ ಸಾಮರ್ಥ್ಯವು ಸರಿಸುಮಾರು ಅರ್ಧ ಬಲ ಮತ್ತು ಅರ್ಧ ವೇಗದ ಬಳಿ ದೊರೆಯುತ್ತದೆ. ಸಂಖ್ಯೆ ಬದಲಾದರೂ ತತ್ವ ಬದಲಾಗುವುದಿಲ್ಲ.

5. ಇದು ಹೀಗೇಕೆ?

ಸ್ನಾಯುವಿನೊಳಗೆ ಆ್ಯಕ್ಟಿನ್ ಮತ್ತು ಮಯೊಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ. ಮಯೊಸಿನ್ ಎಳೆಯಿಂದ ಹೊರಚಾಚಿದ ಅಸಂಖ್ಯ ಸೂಕ್ಷ್ಮ ಕೊಂಡಿಗಳು ಆ್ಯಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಈ ಕೊಂಡಿಗಳ ವರ್ತನೆಯಿಂದ ಬಲ ಮತ್ತು ವೇಗದ ಸಂಬಂಧವನ್ನು ವಿವರಿಸಬಹುದೆಂದು ಆ್ಯಂಡ್ರ್ಯೂ ಹಕ್ಸ್‌ಲಿ 1957ರಲ್ಲಿ ತೋರಿಸಿದರು.

ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈ ಹಚ್ಚಿದವರನ್ನು ನೆನೆದರೆ ಈ ಕ್ರಿಯೆ ಸ್ಪಷ್ಟವಾಗುತ್ತದೆ. ತೇರು ಕದಲದೆ ನಿಂತಿರುವಾಗ ಎಲ್ಲರ ಕೈಗಳೂ ಹಗ್ಗದ ಮೇಲಿರುತ್ತವೆ, ಎಳೆತವೂ ಪೂರ್ಣವಾಗಿರುತ್ತದೆ. ತೇರು ಉರುಳತೊಡಗಿ ಹಗ್ಗ ಮುಂದೆ ಓಡಿದಂತೆ ಹಿಡಿತ ಬದಲಿಸುವುದರಲ್ಲೇ ಹಲವರ ಸಮಯ ಹೋಗುತ್ತದೆ. ಆ ಗಳಿಗೆಯಲ್ಲಿ ನಿಜವಾಗಿ ಎಳೆಯುತ್ತಿರುವ ಕೈಗಳು ಕಡಿಮೆ. ಸ್ನಾಯು ವೇಗವಾಗಿ ಕುಗ್ಗುವಾಗಲೂ ಹಾಗೆಯೇ. ಅಂಟಿಕೊಂಡಿರುವ ಕೊಂಡಿಗಳ ಸಂಖ್ಯೆ ಇಳಿದು ಬಲವೂ ಇಳಿಯುತ್ತದೆ. ಇದು ಮನೋಬಲದ ಕೊರತೆಯಲ್ಲ. ಬೈದು, ಹುರಿದುಂಬಿಸಿ ಸರಿಪಡಿಸುವಂತಹುದೂ ಅಲ್ಲ.

ಸ್ನಾಯುವಿನ ಆಕಾರಕ್ಕೂ ಇದರಲ್ಲಿ ಪಾತ್ರವಿದೆ. ದಪ್ಪ ಸ್ನಾಯುವಿನಲ್ಲಿ ಪಕ್ಕಪಕ್ಕದಲ್ಲಿ ದುಡಿಯುವ ಎಳೆಗಳು ಹೆಚ್ಚಾದ್ದರಿಂದ ಬಲ ಹೆಚ್ಚು. ಉದ್ದವಾದ ಸ್ನಾಯು ತಂತುವಿನಲ್ಲಿ ಸಾಲಾಗಿ ಕುಗ್ಗುವ ಘಟಕಗಳು ಹೆಚ್ಚಾದ್ದರಿಂದ ವೇಗ ಹೆಚ್ಚು. ಇದಲ್ಲದೆ ತಂತುಗಳಲ್ಲಿ ನಿಧಾನ ಮತ್ತು ಶೀಘ್ರ ಎಂಬ ಎರಡು ಮುಖ್ಯ ಬಗೆಗಳಿವೆ. ಶೀಘ್ರ ತಂತುಗಳು ನಿಧಾನ ತಂತುಗಳಿಗಿಂತ ಹಲವು ಪಟ್ಟು ಹೆಚ್ಚು ಸಾಮರ್ಥ್ಯ ಕೊಡುತ್ತವೆ, ಆದರೆ ಬೇಗ ದಣಿಯುತ್ತವೆ. ನಿಧಾನ ತಂತುಗಳು ಗಂಟೆಗಟ್ಟಲೆ ದುಡಿಯಬಲ್ಲವು. ಇವುಗಳ ಅನುಪಾತ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿದ್ದು, ಅದರಲ್ಲಿ ಹುಟ್ಟಿನಿಂದ ಬಂದ ಅಂಶ ಗಣನೀಯವಾಗಿದೆ.

6. ಕ್ರೀಡೆಗಳಲ್ಲಿ ಬಲ ಮತ್ತು ವೇಗದ ಹಂಚಿಕೆ

ಪ್ರತಿಯೊಂದು ಕ್ರೀಡೆಯೂ ಈ ವ್ಯಾಪ್ತಿಯ ಒಂದೊಂದು ಜಾಗದಲ್ಲಿ ನಿಲ್ಲುತ್ತದೆ.

(ಅ) ಎಸೆತ: ಪುರುಷರ ಗುಂಡಿನ ತೂಕ 7.26 ಕಿಲೋಗ್ರಾಂ, ಚಕ್ರದ ತೂಕ 2 ಕಿಲೋಗ್ರಾಂ, ಭರ್ಜಿಯ ತೂಕ 800 ಗ್ರಾಂ. ಉನ್ನತ ಮಟ್ಟದ ಕ್ರೀಡಾಪಟುಗಳ ಕೈಯಿಂದ ಗುಂಡು ಸೆಕೆಂಡಿಗೆ ಸುಮಾರು 14 ಮೀಟರ್, ಚಕ್ರ ಸುಮಾರು 25 ಮೀಟರ್ ಮತ್ತು ಭರ್ಜಿ ಸುಮಾರು 30 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೊರೆ ಕಡಿಮೆಯಾದಂತೆ ವೇಗ ಹೆಚ್ಚುವ ನಿಯಮ ಇಲ್ಲಿ ಮೈದಾನದಲ್ಲೇ ಕಾಣುತ್ತದೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೈಸೂರಿನಲ್ಲಿ ಜನಿಸಿದ ವಿಕಾಸ್ ಗೌಡ ಅವರು ಚಕ್ರವನ್ನು 63.64 ಮೀಟರ್ ಎಸೆದು ಚಿನ್ನ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಅವರಿಗೆ ಚಿನ್ನ ತಂದ ಭರ್ಜಿ ಎಸೆತದ ದೂರ 87.58 ಮೀಟರ್. ಇಬ್ಬರದೂ ಎಸೆತವೇ ಆದರೂ ಅವರ ಸ್ನಾಯುಗಳಿಂದ ಬೇಕಾದ ಬಲ ಮತ್ತು ವೇಗದ ಹದ ಒಂದೇ ಅಲ್ಲ.

(ಆ) ಭಾರ ಎತ್ತುವಿಕೆ: ಇದು ಬರಿಯ ಬಲದ ಕ್ರೀಡೆಯೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಒಲಿಂಪಿಕ್ ಶೈಲಿಯ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ವಿಧಾನಗಳಲ್ಲಿ ಭಾರವು ವೇಗವಾಗಿ ಮೇಲೇಳದಿದ್ದರೆ ಅದರ ಕೆಳಗೆ ನುಸುಳಲು ಕ್ರೀಡಾಪಟುವಿಗೆ ಅವಕಾಶವೇ ದೊರೆಯುವುದಿಲ್ಲ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋಗ್ರಾಂ ವಿಭಾಗದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯನ್ನೂ, 2022ರಲ್ಲಿ 61 ಕಿಲೋಗ್ರಾಂ ವಿಭಾಗದಲ್ಲಿ 269 ಕಿಲೋಗ್ರಾಂ ಎತ್ತಿ ಕಂಚನ್ನೂ ಪಡೆದರು. ಇದಕ್ಕೆ ಹೋಲಿಸಿದರೆ ಪವರ್ ಲಿಫ್ಟಿಂಗ್ ಎಂಬ ಕ್ರೀಡೆಯಲ್ಲಿ ಭಾರ ಇನ್ನೂ ಹೆಚ್ಚು, ಆದರೆ ಚಲನೆ ನಿಧಾನ. ಹೆಸರಿನಲ್ಲಿ ಪವರ್ ಇದ್ದರೂ ಅದರಲ್ಲಿ ಉಂಟಾಗುವ ಸಾಮರ್ಥ್ಯ ಒಲಿಂಪಿಕ್ ಶೈಲಿಗಿಂತ ಬಹಳ ಕಡಿಮೆ.

(ಇ) ಓಟ: 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ದೂರವನ್ನು 9.58 ಸೆಕೆಂಡುಗಳಲ್ಲಿ ಓಡಿದರು. ಆ ಓಟದಲ್ಲಿ ಅವರ ಗರಿಷ್ಠ ವೇಗ ಗಂಟೆಗೆ 44 ಕಿಲೋಮೀಟರ್ ದಾಟಿತ್ತು. ಪೂರ್ಣ ವೇಗದಲ್ಲಿ ಓಡುವಾಗ ಉತ್ತಮ ಓಟಗಾರರ ಪಾದ ಪ್ರತಿ ಹೆಜ್ಜೆಯಲ್ಲೂ ನೆಲಕ್ಕೆ ತಾಗಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಸ್ನಾಯು ತನ್ನ ಪೂರ್ಣ ಬಲಕ್ಕೆ ಏರಲು ಇದರ ಮೂರು ಪಟ್ಟಿಗೂ ಹೆಚ್ಚು ಕಾಲ ಬೇಕು. ಅಂದರೆ ಎಷ್ಟು ಬಲವಿದೆ ಎಂಬುದಕ್ಕಿಂತ ಆ ಅಲ್ಪ ಅವಧಿಯೊಳಗೆ ಎಷ್ಟು ಬಲವನ್ನು ನೆಲಕ್ಕೆ ಕೊಡಬಲ್ಲರು ಎಂಬುದು ಮುಖ್ಯವಾಗುತ್ತದೆ. ಮೂಟೆ ಹೊರುವ ಬಲ ನಿಜವಾದ ಬಲವೇ ಆದರೂ ಓಟದಲ್ಲಿ ಅದು ಪೂರ್ತಿ ಬಳಕೆಗೆ ಬರದಿರುವುದು ಇದೇ ಕಾರಣದಿಂದ.

(ಈ) ಕಂಬಳ: 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಓಡಿದ್ದು ದೇಶದಾದ್ಯಂತ ಸುದ್ದಿಯಾಯಿತು. ಲೆಕ್ಕ ಹಾಕಿದರೆ ಇದು 100 ಮೀಟರಿಗೆ ಸುಮಾರು 9.56 ಸೆಕೆಂಡು. ಆದರೆ ಇದನ್ನು ಬೋಲ್ಟ್ ಅವರ ಓಟದೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಕಂಬಳದ ಓಟಗಾರನನ್ನು ಕೋಣಗಳು ಮುಂದಕ್ಕೆ ಎಳೆಯುತ್ತವೆ. ಮುಂದೆ ಸಾಗಲು ಬೇಕಾದ ಬಲದ ಒಂದು ಪಾಲು ಹೊರಗಿನಿಂದ ದೊರೆತಾಗ ಸ್ನಾಯುಗಳ ಹೊರೆ ಇಳಿದು ವೇಗ ಹೆಚ್ಚಲು ಸಾಧ್ಯವಾಗುತ್ತದೆ. ಅದೇ ವೇಳೆ ಕೆಸರು ಕಾಲನ್ನು ಹಿಂದಕ್ಕೆ ಹಿಡಿಯುತ್ತದೆ. ಆ ವೇಗದಲ್ಲಿ ಮುಗ್ಗರಿಸದೆ ಕೆಸರಿನಲ್ಲಿ ಕಾಲು ಆಡಿಸುವುದು ತನ್ನದೇ ಆದ ಕೌಶಲ್ಯ. ಒಟ್ಟಿನಲ್ಲಿ ಎರಡು ಓಟಗಳ ಷರತ್ತುಗಳೇ ಬೇರೆ.

7. ಆಯ್ಕೆ ಪರೀಕ್ಷೆಗಳು ಏನನ್ನು ಅಳೆಯುತ್ತವೆ?

ಪರೀಕ್ಷೆಗಳ ಪಟ್ಟಿ ಮತ್ತು ಅಂಕಗಳ ವಿವರ ಆಯಾ ವರ್ಷದ ಅಧಿಸೂಚನೆಯಂತೆ ಇರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪರೀಕ್ಷೆಗಳ ಉದ್ದೇಶ ಈ ಕೆಳಕಂಡಂತಿದೆ.

ನಿಂತಲ್ಲಿಂದ ಮೇಲಕ್ಕೆ ಜಿಗಿತ ಮತ್ತು ಉದ್ದ ಜಿಗಿತ: ಇಲ್ಲಿ ಹೊರೆ ಎಂದರೆ ಮಗುವಿನ ಸ್ವಂತ ದೇಹದ ತೂಕ. 40 ಸೆಂಟಿಮೀಟರ್ ಮೇಲಕ್ಕೆ ಜಿಗಿಯಬೇಕಾದರೆ ನೆಲ ಬಿಡುವ ಗಳಿಗೆಯಲ್ಲಿ ದೇಹದ ವೇಗ ಸೆಕೆಂಡಿಗೆ 2.8 ಮೀಟರ್ ಇರಬೇಕು. ಈ ವೇಗವನ್ನು ಮೇಲ್ಮುಖವಾಗಿ ಒತ್ತುವ ಸುಮಾರು 0.3 ಸೆಕೆಂಡಿನೊಳಗೆ ಪಡೆಯಬೇಕು. ಕಾಲಿನ ಸಾಮರ್ಥ್ಯವನ್ನು ಅಳೆಯಲು ಇಷ್ಟು ಸರಳವಾದ ಪರೀಕ್ಷೆ ಬೇರೆ ಇಲ್ಲ.

ಮೆಡಿಸಿನ್ ಬಾಲ್ ಎಸೆತ: ಇಲ್ಲಿ ಎಲ್ಲ ಮಕ್ಕಳಿಗೂ ಹೊರೆ ಒಂದೇ. ಆದುದರಿಂದ ಮೈತುಂಬಿದ ಮಗುವಿಗೆ ಇದು ಅನುಕೂಲ.

ಕಡಿಮೆ ದೂರದ ಓಟ ಮತ್ತು ಷಟಲ್ ಓಟ: ನಿಂತಲ್ಲಿಂದ ಹೊರಡುವಾಗ, ತಿರುಗುವಾಗ ಬಲದ ಪಾಲು ಹೆಚ್ಚು. ಓಟ ಕುದುರಿದ ಮೇಲೆ ವೇಗದ ಪಾಲು ಹೆಚ್ಚು.

800 ಮೀಟರ್ ಓಟ: ಇದು ಕಡಿಮೆ ಸಾಮರ್ಥ್ಯವನ್ನು ಹೆಚ್ಚು ಹೊತ್ತು ಕಾಯ್ದುಕೊಳ್ಳುವ ತ್ರಾಣದ ಪರೀಕ್ಷೆ.

ಒಂದೇ ಪರೀಕ್ಷೆಯಿಂದ ನಿರ್ಧರಿಸದೆ ಹಲವು ಪರೀಕ್ಷೆಗಳನ್ನು ನಡೆಸುವುದರ ಕಾರಣ ಹೀಗಿದೆ. 36 ಕಿಲೋಗ್ರಾಂ ತೂಕದ ಮಗು ಮತ್ತು 54 ಕಿಲೋಗ್ರಾಂ ತೂಕದ ಮಗು ಇಬ್ಬರೂ 35 ಸೆಂಟಿಮೀಟರ್ ಜಿಗಿದರೆ ಅಳತೆಪಟ್ಟಿಯಲ್ಲಿ ಇಬ್ಬರೂ ಸಮ. ಆದರೆ ಆ ಎತ್ತರಕ್ಕೆ ದೇಹವನ್ನು ಏರಿಸಲು ಮೊದಲನೆಯ ಮಗು ಮಾಡಿದ ಕೆಲಸ ಸುಮಾರು 123 ಜೌಲ್, ಎರಡನೆಯದು ಸುಮಾರು 185 ಜೌಲ್. ಒಟ್ಟು ಸಾಮರ್ಥ್ಯದಲ್ಲಿ ಎರಡನೆಯ ಮಗು ಮುಂದು. ಕಿಲೋಗ್ರಾಂ ಒಂದಕ್ಕೆ ಲೆಕ್ಕ ಹಾಕಿದರೆ ಇಬ್ಬರೂ ಸರಿಸಮ. ಗುಂಡು ಎಸೆತಕ್ಕೆ ಎರಡನೆಯ ಮಗು ಸೂಕ್ತವಾಗಬಹುದು. ತನ್ನ ಮೈಯನ್ನೇ ಎತ್ತಿ ಹಾರಬೇಕಾದ ಎತ್ತರ ಜಿಗಿತಕ್ಕೆ ಹಗುರ ಮೈ ಅನುಕೂಲ. ಆದುದರಿಂದ ಪಟ್ಟಿಯಲ್ಲಿ ಹೆಸರು ಬಾರದಿರುವುದು ಮಗು ದುರ್ಬಲವೆಂಬುದರ ಪ್ರಮಾಣಪತ್ರವಲ್ಲ.

8. ವಯಸ್ಸು ಮತ್ತು ಬೆಳವಣಿಗೆ

ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಮಕ್ಕಳು ತೀವ್ರಗತಿಯಲ್ಲಿ ಎತ್ತರ ಬೆಳೆಯುವ ಕಾಲ ಹೆಣ್ಣು ಮಕ್ಕಳಲ್ಲಿ ಸರಾಸರಿ 12ನೇ ವಯಸ್ಸಿನ ಸುತ್ತ, ಗಂಡು ಮಕ್ಕಳಲ್ಲಿ 14ನೇ ವಯಸ್ಸಿನ ಸುತ್ತ ಬರುತ್ತದೆ. ಇದು ಸರಾಸರಿ ಮಾತ್ರ. ಒಂದೇ ವರ್ಷದಲ್ಲಿ ಜನಿಸಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದು, ಮತ್ತೊಬ್ಬನ ದನಿ ಇನ್ನೂ ಒಡೆಯದಿರುವುದನ್ನು ಯಾವುದೇ ತರಗತಿಯಲ್ಲಿ ಕಾಣಬಹುದು. ಬೇಗ ಬೆಳೆದ ಹುಡುಗನ ಸ್ನಾಯು ರಾಶಿ ಹೆಚ್ಚಿದ್ದು, ಜಿಗಿತ ಮತ್ತು ಎಸೆತದಲ್ಲಿ ಆತ ಮುಂದಿರುತ್ತಾನೆ. ತಡವಾಗಿ ಬೆಳೆಯುವ ಹುಡುಗ ಎರಡು ಮೂರು ವರ್ಷಗಳಲ್ಲಿ ಆತನನ್ನು ಸರಿಗಟ್ಟಲೂಬಹುದು, ಮೀರಲೂಬಹುದು.

ಆದುದರಿಂದ 11 ಅಥವಾ 12ನೇ ವಯಸ್ಸಿನ ಫಲಿತಾಂಶವು ಆ ದಿನದ ಅಳತೆಯೇ ಹೊರತು ಮಗುವಿನ ಭವಿಷ್ಯದ ತೀರ್ಪಲ್ಲ. ಅದೇ ರೀತಿ, ವಯಸ್ಸಿನ ದಾಖಲೆಯನ್ನು ತಿದ್ದಿ ಕಿರಿಯರೊಂದಿಗೆ ಸ್ಪರ್ಧೆಗಿಳಿಸುವುದು ಕಾನೂನುಬಾಹಿರ ಮಾತ್ರವಲ್ಲ, ಇನ್ನೊಂದು ಮಗುವಿನ ನ್ಯಾಯವಾದ ಅವಕಾಶವನ್ನು ಕಸಿದಂತೆಯೂ ಆಗುತ್ತದೆ. ಈ ವಯಸ್ಸಿನಲ್ಲಿ ಒಂದೆರಡು ವರ್ಷಗಳ ವ್ಯತ್ಯಾಸದಿಂದ ಸಾಮರ್ಥ್ಯದಲ್ಲಿ ಎಷ್ಟು ಅಂತರ ಉಂಟಾಗುತ್ತದೆ ಎಂಬುದು ಮೇಲಿನ ವಿವರಣೆಯಿಂದ ತಿಳಿಯುತ್ತದೆ.

9. ತರಬೇತಿ ಹೇಗಿರಬೇಕು?

ಸ್ನಾಯು ತಾನು ಅಭ್ಯಾಸ ಮಾಡಿದ್ದನ್ನೇ ಕಲಿಯುತ್ತದೆ. ಜಪಾನಿನ ಕಾನೆಕೊ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಗುಂಪಿನವರಿಗೆ ಮೊಣಕೈ ಮಡಿಸುವ ವ್ಯಾಯಾಮವನ್ನು ಗರಿಷ್ಠ ಬಲದ ಶೇಕಡಾ 0, 30, 60 ಮತ್ತು 100ರ ಹೊರೆಯಲ್ಲಿ 12 ವಾರ ಮಾಡಿಸಲಾಯಿತು. ಹೊರೆಯಿಲ್ಲದೆ ಅಭ್ಯಾಸ ಮಾಡಿದವರಲ್ಲಿ ವೇಗ, ಪೂರ್ಣ ಹೊರೆಯಲ್ಲಿ ಅಭ್ಯಾಸ ಮಾಡಿದವರಲ್ಲಿ ಬಲ ಮತ್ತು ಶೇಕಡಾ 30ರ ಹೊರೆಯಲ್ಲಿ ಅಭ್ಯಾಸ ಮಾಡಿದವರಲ್ಲಿ ಗರಿಷ್ಠ ಸಾಮರ್ಥ್ಯ ಹೆಚ್ಚು ವೃದ್ಧಿಯಾಯಿತು.

ಇದರಿಂದ ನಡುವಿನ ಹೊರೆಯೊಂದೇ ಸಾಕೆಂದು ಭಾವಿಸಬಾರದು. ಬಲವಿಲ್ಲದ ಮಗುವಿಗೆ ಮೊದಲು ಬಲ ಬೇಕು. ಬಲವಿದ್ದು ಚುರುಕಿಲ್ಲದ ಮಗುವಿಗೆ ವೇಗದ ಅಭ್ಯಾಸ ಬೇಕು. ಮಗುವಿನ ಕೊರತೆ ಯಾವ ತುದಿಯಲ್ಲಿದೆ ಎಂಬುದನ್ನು ನುರಿತ ತರಬೇತುದಾರರು ಹೊರೆಯಿಲ್ಲದ ಮತ್ತು ಸ್ವಲ್ಪ ಹೊರೆಯಿರುವ ಜಿಗಿತಗಳನ್ನು ಹೋಲಿಸಿ ಅಂದಾಜಿಸಬಲ್ಲರು. ಹೊರೆ ಸೇರಿದ ಕೂಡಲೇ ಜಿಗಿತ ತೀರ ಕುಸಿದರೆ ಬಲದ ಕೊರತೆ, ಅಷ್ಟಾಗಿ ಕುಸಿಯದಿದ್ದರೆ ವೇಗದ ಕೊರತೆ ಎಂದು ಊಹಿಸಲಾಗುತ್ತದೆ. ಆದರೆ ಈ ವಿಧಾನದ ಫಲ ಎಲ್ಲ ಅಧ್ಯಯನಗಳಲ್ಲೂ ಒಂದೇ ತೆರನಾಗಿ ಕಂಡುಬಂದಿಲ್ಲವಾದ್ದರಿಂದ ಇದನ್ನು ಮಾರ್ಗಸೂಚಿಯಾಗಿ ಮಾತ್ರ ಬಳಸುವುದು ಒಳಿತು.

ಸಾಮಾನ್ಯ ಕುಟುಂಬದ ಮಗುವಿಗೆ ಬೆಲೆಬಾಳುವ ಉಪಕರಣಗಳ ಅವಶ್ಯಕತೆ ಇರುವುದಿಲ್ಲ. ದಂಡ, ಬಸ್ಕಿ ಮತ್ತು ಏಣುಗಳನ್ನು ಓಡುತ್ತಾ ಏರುವುದರಿಂದ ಬಲ ಬೆಳೆಯುತ್ತದೆ. ಕುಂಟೆಬಿಲ್ಲೆ, ಹಗ್ಗದಾಟ, ಕಬಡ್ಡಿ, ಖೋ ಖೋ ಮತ್ತು ಕಡಿಮೆ ದೂರದ ಜೋರು ಓಟಗಳಿಂದ ವೇಗ ಬೆಳೆಯುತ್ತದೆ. ಜಿಗಿತದ ಅಭ್ಯಾಸವನ್ನು ಮರಳು ಅಥವಾ ಮೆದು ನೆಲದ ಮೇಲೆ ಮಾಡಿಸಿ, ಮೊಣಕಾಲು ಮಡಿಸಿ ಸದ್ದಿಲ್ಲದೆ ನೆಲಕ್ಕಿಳಿಯುವುದನ್ನು ಮೊದಲು ಕಲಿಸತಕ್ಕದ್ದು. ಸಾಮರ್ಥ್ಯದ ಅಭ್ಯಾಸದಲ್ಲಿ ಸಂಖ್ಯೆಗಿಂತ ಚುರುಕು ಮುಖ್ಯ. ಜಿಗಿತದ ಎತ್ತರ ಇಳಿಯತೊಡಗಿದ ಕೂಡಲೇ ಅಭ್ಯಾಸ ನಿಲ್ಲಿಸಬೇಕು. ದಣಿದ ಮೇಲೂ ಮುಂದುವರಿಸಿದರೆ ಮಗು ಕಲಿಯುವುದು ನಿಧಾನವಾಗಿ ಜಿಗಿಯುವುದನ್ನು.

10. ಪರೀಕ್ಷೆಯ ದಿನ ಗಮನಿಸಬೇಕಾದ ಅಂಶಗಳು

• ತಣ್ಣಗಿರುವ ಸ್ನಾಯುವಿಗಿಂತ ಬಿಸಿಯೇರಿದ ಸ್ನಾಯು ಹೆಚ್ಚು ವೇಗವಾಗಿ ಕುಗ್ಗುತ್ತದೆ. ಪರೀಕ್ಷೆಗೆ ಮೊದಲು 10ರಿಂದ 15 ನಿಮಿಷ ಲಘು ಓಟ ಮತ್ತು ಕೆಲವು ಹಗುರ ಜಿಗಿತಗಳನ್ನು ಮಾಡುವುದು ಸೂಕ್ತ.
• ಜಿಗಿತಕ್ಕೆ ಸ್ವಲ್ಪ ಮೊದಲು ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕೂ ಮೀರಿ ಸ್ನಾಯುವನ್ನು ಎಳೆದು ಹಿಡಿಯಬಾರದು. ಇದರಿಂದ ಸಾಮರ್ಥ್ಯ ತಾತ್ಕಾಲಿಕವಾಗಿ ಕುಂದಬಹುದು.
• ಸ್ನಾಯುವಿನಲ್ಲಿ ತಕ್ಷಣದ ಬಳಕೆಗೆ ಇರುವ ಶಕ್ತಿಯ ಸಂಗ್ರಹ ಕೆಲವೇ ಸೆಕೆಂಡುಗಳಲ್ಲಿ ಇಳಿದು, ಬಹುಪಾಲು ಮರಳಿ ತುಂಬಲು ಕೆಲವು ನಿಮಿಷಗಳು ಬೇಕಾಗುತ್ತವೆ. ಒಂದಕ್ಕಿಂತ ಹೆಚ್ಚು ಅವಕಾಶಗಳಿದ್ದಲ್ಲಿ ಎರಡು ಪ್ರಯತ್ನಗಳ ನಡುವೆ 2ರಿಂದ 3 ನಿಮಿಷ ವಿಶ್ರಾಂತಿ ಪಡೆಯುವುದು ಉತ್ತಮ.
• ನಿಯಮದಲ್ಲಿ ಅವಕಾಶವಿದ್ದರೆ ಜಿಗಿಯುವಾಗ ಎರಡೂ ಕೈಗಳನ್ನು ಬೀಸುವುದರಿಂದ ಎತ್ತರ ಹೆಚ್ಚುತ್ತದೆ. ಇದನ್ನು ಮೊದಲೇ ಅಭ್ಯಾಸ ಮಾಡಿರಬೇಕು.
• ಹಿಂದಿನ ದಿನ ಕಠಿಣ ಅಭ್ಯಾಸ ಬೇಡ. ದೂರದ ಊರುಗಳಿಂದ ಬರುವವರು ಸಾಧ್ಯವಾದಲ್ಲಿ ಹಿಂದಿನ ಸಂಜೆಯೇ ತಲುಪಿ, ಮಗುವಿಗೆ ಸಾಕಷ್ಟು ನಿದ್ರೆ ದೊರೆಯುವಂತೆ ನೋಡಿಕೊಳ್ಳುವುದು.

11. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಭಾರ ಎತ್ತಿದರೆ ಮಗುವಿನ ಎತ್ತರ ಕುಂಠಿತವಾಗುವುದೆ?
ಉತ್ತರ: ತರಬೇತುದಾರರ ಮೇಲ್ವಿಚಾರಣೆಯಲ್ಲಿ, ಸರಿಯಾದ ಭಂಗಿಯಲ್ಲಿ, ಮಿತವಾದ ಭಾರದಿಂದ ಮಾಡುವ ವ್ಯಾಯಾಮದಿಂದ ಬೆಳವಣಿಗೆ ಕುಂಠಿತವಾಗುವುದೆಂಬುದಕ್ಕೆ ಆಧಾರವಿಲ್ಲ. ಮೇಲ್ವಿಚಾರಣೆಯಿಲ್ಲದೆ ಗರಿಷ್ಠ ಭಾರ ಎತ್ತಿಸುವುದರಿಂದ ಗಾಯವಾಗುವ ಅಪಾಯವಿದೆ.

ಪ್ರಶ್ನೆ: ಹೆಣ್ಣು ಮಕ್ಕಳಿಗೂ ಇದೇ ನಿಯಮ ಅನ್ವಯಿಸುವುದೆ?
ಉತ್ತರ: ಹೌದು. ಸ್ನಾಯುವಿನ ಬಲ ಮತ್ತು ವೇಗದ ಸಂಬಂಧ ಎಲ್ಲರಲ್ಲೂ ಒಂದೇ. ಪ್ರೌಢಾವಸ್ಥೆಯ ನಂತರ ಸ್ನಾಯು ರಾಶಿಯಲ್ಲಿ ವ್ಯತ್ಯಾಸ ಉಂಟಾಗುವುದರಿಂದ ಸ್ಪರ್ಧೆ ಮತ್ತು ಮಾನದಂಡಗಳು ಪ್ರತ್ಯೇಕವಾಗಿರುತ್ತವೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿ ಅವರು ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆ. ಅವರು ಆ ಪದಕ ಗಳಿಸಿದ್ದು ಸಾಮರ್ಥ್ಯದ ಕ್ರೀಡೆಯಲ್ಲಿಯೇ.

ಪ್ರಶ್ನೆ: ಸಾಮರ್ಥ್ಯ ಬೇಗ ಹೆಚ್ಚಿಸುವ ಪುಡಿ, ಮಾತ್ರೆ, ಚುಚ್ಚುಮದ್ದುಗಳನ್ನು ಕೊಡಿಸಬಹುದೆ?
ಉತ್ತರ: ಕೊಡಿಸಬಾರದು. ಮಾರುಕಟ್ಟೆಯ ಕೆಲವು ಪುಡಿಗಳಲ್ಲಿ ಹೆಸರಿಸದ ನಿಷೇಧಿತ ವಸ್ತುಗಳು ಬೆರೆತಿರುವ ಸಾಧ್ಯತೆ ಇದೆ. ದೇಹದಲ್ಲಿ ನಿಷೇಧಿತ ವಸ್ತು ಪತ್ತೆಯಾದಲ್ಲಿ ಅದು ಹೇಗೆ ಸೇರಿತು ಎಂಬುದು ತಿಳಿಯದಿದ್ದರೂ ಹೊಣೆ ಕ್ರೀಡಾಪಟುವಿನದೇ ಆಗಿರುತ್ತದೆ. ಈ ವಿಷಯದಲ್ಲಿ ದೇಶದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಅಧಿನಿಯಮವಿದೆ. ಬೆಳೆಯುವ ಮಗುವಿಗೆ ಅನ್ನ, ಮುದ್ದೆ, ಬೇಳೆಕಾಳು, ಹಾಲು, ಮೊಟ್ಟೆ, ಸೊಪ್ಪು, ಹಣ್ಣು ಹಾಗೂ ನಿದ್ರೆ ಇವೇ ಮುಖ್ಯ.

ಪ್ರಶ್ನೆ: ಮಗು ಒಮ್ಮೆ ಆಯ್ಕೆಯಾಗದಿದ್ದರೆ ಮತ್ತೆ ಅರ್ಜಿ ಸಲ್ಲಿಸಬಹುದೆ?
ಉತ್ತರ: ಆಯಾ ವರ್ಷದ ಅಧಿಸೂಚನೆಯಲ್ಲಿ ನಿಗದಿಪಡಿಸಿದ ವಯೋಮಿತಿ ಮತ್ತು ತರಗತಿಯ ಷರತ್ತುಗಳನ್ನು ಪರಿಶೀಲಿಸಿ ಅದರಂತೆ ಕ್ರಮ ವಹಿಸುವುದು. ಹಿಂದಿನ ಪರೀಕ್ಷೆಯಲ್ಲಿ ಮಗು ಪಡೆದ ಅಳತೆಗಳನ್ನು ಬರೆದಿಟ್ಟುಕೊಂಡರೆ ಪ್ರಗತಿ ತಿಳಿಯಲು ಸಹಾಯಕವಾಗುತ್ತದೆ.

12. ಉಪಸಂಹಾರ

ಮೂಟೆ ಹೊರುವ ಹುಡುಗನಲ್ಲಿ ಬಲವಿದೆ. ಆ ಬಲವನ್ನು ಕ್ಷಣಾರ್ಧದಲ್ಲಿ ಪ್ರಯೋಗಿಸುವ ಅಭ್ಯಾಸ ದೊರೆತರೆ ಅದು ಸಾಮರ್ಥ್ಯವಾಗುತ್ತದೆ. ಚುರುಕಾಗಿ ಓಡುವ ಸಣಕಲು ಹುಡುಗನಲ್ಲಿ ವೇಗವಿದೆ. ಅದಕ್ಕೆ ಬಲ ಕೂಡಿದರೆ ಅದೂ ಸಾಮರ್ಥ್ಯವಾಗುತ್ತದೆ. ಇಬ್ಬರೂ ಸೇರಬೇಕಾದ ಜಾಗ ಒಂದೇ, ಹೊರಡುವ ತುದಿಗಳು ಮಾತ್ರ ಬೇರೆ. ಪೋಷಕರು ತಮ್ಮ ಮಗು ಯಾವ ತುದಿಯಲ್ಲಿದೆ ಎಂಬುದನ್ನು ದೈಹಿಕ ಶಿಕ್ಷಣ ಶಿಕ್ಷಕರ ಅಥವಾ ತರಬೇತುದಾರರ ನೆರವಿನಿಂದ ತಿಳಿದು, ಮಗುವಿನ ವಯಸ್ಸು ಮತ್ತು ಬೆಳವಣಿಗೆಗೆ ತಕ್ಕಂತೆ ತಾಳ್ಮೆಯಿಂದ ಸಿದ್ಧಪಡಿಸುವುದು ಅಪೇಕ್ಷಣೀಯ.